ಕತ್ತಲು ಮನೆಯ ಫೋಟೋ

ಅಕ್ಕಂದಿರೇ, ನಮ್ಮ ಕಡೆಯ ಹಳೆಯ ಮಾಳಿಗೆ ಮನೆ ನೀವೆಲ್ಲ ಬಲ್ಲಿರಿ. ದಪ್ಪ ಮಣ್ಣಿನ ಗೋಡೆ. ಒಂದೇ ಬಾಗಿಲು. ಮೇಲೆ ಒಂದು ಬೆಳಕಿಂಡಿ. ಬೇಸಿಗೆಯಲ್ಲಿ ಒಳಗೆ ತಂಪು. ಆದರೆ ಹಗಲಲ್ಲೂ ಕತ್ತಲು. ಉಪ್ಪಿನ ಡಬ್ಬಿ ಎಲ್ಲಿದೆ ಅನ್ನೋದು ಕೈಗೆ ಗೊತ್ತು, ಕಣ್ಣಿಗಲ್ಲ.

ಇಂಥ ಮನೆಯ ಒಳಗೆ ಫೋಟೋ ತೆಗೆಯೋದು ಹ್ಯಾಂಗ?

2020ರ ಅಕ್ಟೋಬರ್ ತಿಂಗಳು. ಭೀಮಾ ನದಿಗೆ ದೊಡ್ಡ ಮಹಾಪೂರ ಬಂತು. ಮೇಲೆ ಮಹಾರಾಷ್ಟ್ರದಲ್ಲಿ ಜೋರು ಮಳೆ. ಅಲ್ಲಿಯ ಉಜನಿ ಅಣೆಕಟ್ಟಿನಿಂದ ನೀರು ಬಿಟ್ಟರು. ನಮ್ಮ ಅಫಜಲಪುರ ತಾಲ್ಲೂಕಿನ ಸೊನ್ನ ಬ್ಯಾರೇಜ್ ದಾಟಿ ನೀರು ಕೆಳಗೆ ಬಂತು. ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹೊಳೆದಂಡೆಯ ಊರುಗಳಿಗೆ ನುಗ್ಗಿತು. ತೊಗರಿ ಹೊಲ ಮುಳುಗಿದವು. ಮನೆಗಳು ಕುಸಿದವು.

ನೀರು ಇಳಿದ ಮೇಲೆ ನಾವು ಕೆಲವರು ಒಂದು ಊರಿಗೆ ಹೋದೆವು. ಪರಿಹಾರದ ಅರ್ಜಿ ಬರೆಯಲು ನೆರವಾಗೋದು ನಮ್ಮ ಕೆಲಸ. ಅರ್ಜಿಯ ಜೊತೆ ಮನೆಯ ಫೋಟೋ ಇಡೋಣ ಅಂದುಕೊಂಡೆವು. ನಮ್ಮ ಹತ್ತಿರ ಒಂದು ಸಣ್ಣ ಡಿಜಿಟಲ್ ಕ್ಯಾಮೆರಾ ಇತ್ತು. ಅಂಗೈಯಷ್ಟು ದೊಡ್ಡದು. ಹಳೆಯದು.

ಅಲ್ಲಿ ಒಬ್ಬ ಅಜ್ಜಿಯ ಮನೆ. ಓಣಿಯಿಂದ ನೋಡಿದರೆ ಏನೂ ಆಗಿಲ್ಲ. ಮುಂದಿನ ಗೋಡೆ ಗಟ್ಟಿಯಾಗಿ ನಿಂತಿದೆ. ಒಳಗೆ ಹೋದರೆ ನಡುಗೋಡೆ ಬಿದ್ದಿದೆ. ಅದರ ಕೆಳಗೆ ಜೋಳದ ಚೀಲಗಳು. ಕರೆಂಟ್ ಇಲ್ಲ. ಸಂಜೆ ಬೇರೆ ಆಗಿತ್ತು.

ನಾವು ಫ್ಲ್ಯಾಶ್ ಹಾಕಿ ಫೋಟೋ ತೆಗೆದೆವು. ಫ್ಲ್ಯಾಶ್ ಅಂದರೆ ಕ್ಯಾಮೆರಾದ ಮಿಂಚು ದೀಪ. ಹತ್ತಿರದ ಕಂಬ ಸುಣ್ಣ ಬಳಿದ ಹಾಗೆ ಬೆಳ್ಳಗೆ ಬಂತು. ಅದರ ಹಿಂದೆ ಎಲ್ಲ ಕಪ್ಪು. ಸಣ್ಣ ಕ್ಯಾಮೆರಾದ ಮಿಂಚು ಹತ್ತು ಹನ್ನೆರಡು ಅಡಿ ಮುಟ್ಟಿದರೆ ಹೆಚ್ಚು. ಆಮೇಲೆ ಫ್ಲ್ಯಾಶ್ ತೆಗೆದು, ಕೈಯಲ್ಲಿ ಹಿಡಿದು ತೆಗೆದೆವು. ಈಗ ಗೋಡೆ ಬಂತು, ಆದರೆ ಅಲುಗಾಡಿತ್ತು. ಒಂದು ಕಂಬ ಎರಡಾಗಿತ್ತು.

ಅಜ್ಜಿ ಬಗ್ಗಿ ನೋಡಿದಳು. "ಯವ್ವಾ, ಇದ್ರಾಗ ನಮ್ಮ ಮನಿ ಎಲ್ಲದ?" ಅಂತ ಕೇಳಿದಳು.

ನಮಗೆ ನಾಚಿಕೆ ಆಯಿತು. ತಪ್ಪು ಕ್ಯಾಮೆರಾದ್ದಲ್ಲ, ನಮ್ಮದು.

ನೋಡ್ರಿ, ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ಏನು ಮಾಡ್ತೀವಿ? ಉಸುಕಿನಲ್ಲಿ ವರತಿ ತೋಡ್ತೀವಿ. ನೀರು ಸ್ವಲ್ಪ ಸ್ವಲ್ಪ ಜಿನುಗ್ತದ. ಕೊಡ ತುಂಬಬೇಕಾದರೆ ಕಾಯಬೇಕು. ಮಳೆಗಾಲದಲ್ಲಿ ಅದೇ ಕೊಡ ಒಂದು ಸಲ ಮುಳುಗಿಸಿದರೆ ತುಂಬ್ತದ. ಫೋಟೋಗೆ ಬೆಳಕೇ ನೀರು. ಬಿಸಿಲಲ್ಲಿ ಬೆಳಕು ಬಹಳ. ಕ್ಯಾಮೆರಾ ರೆಪ್ಪೆ ಬಡಿಯೋದರೊಳಗೆ ಕಣ್ಣು ತೆರೆದು ಮುಚ್ತದ. ಕತ್ತಲಲ್ಲಿ ಬೆಳಕು ಕಡಿಮೆ. ಅದಕ್ಕೆ ಕಣ್ಣು ಬಹಳ ಹೊತ್ತು ತೆರೆದಿರಬೇಕು. ಒಂದು ಸೆಕೆಂಡ್, ನಾಲ್ಕು ಸೆಕೆಂಡ್, ಕೆಲವು ಸಲ ಹದಿನೈದು. ಅಷ್ಟು ಹೊತ್ತು ಕ್ಯಾಮೆರಾ ಅಲುಗಾಡಬಾರದು. ಮನುಷ್ಯರ ಕೈ ಎಷ್ಟು ಗಟ್ಟಿಯಾಗಿ ಹಿಡಿದರೂ ಅಲುಗಾಡ್ತದ.

ಅದಕ್ಕೆ ಕ್ಯಾಮೆರಾ ಕೂಡಿಸಲು ಜಾಗ ಬೇಕು. ಪೇಟೆಯಲ್ಲಿ ಮೂರು ಕಾಲಿನ ಸ್ಟ್ಯಾಂಡ್ ಸಿಗ್ತದ. ನಮ್ಮ ಹತ್ತಿರ ಅದು ಇರಲಿಲ್ಲ. ಒಂದು ಡಬ್ಬಿ ಬೋರಲು ಹಾಕಿದೆವು. ಅದರ ಮೇಲೆ ಸಣ್ಣ ಬಟ್ಟೆ ಚೀಲದಲ್ಲಿ ಎರಡು ಬೊಗಸೆ ತೊಗರಿ ತುಂಬಿ ಇಟ್ಟೆವು. ಚೀಲ ಪೂರ್ತಿ ತುಂಬಬಾರದು, ಸಡಿಲ ಇರಬೇಕು. ಕ್ಯಾಮೆರಾ ಅದರೊಳಗೆ ಗೂಡಿನಲ್ಲಿ ಮೊಟ್ಟೆ ಕೂತ ಹಾಗೆ ಕೂಡ್ತದ. ಬೇಕಾದ ಕಡೆ ತಿರುಗಿಸಬಹುದು. ಕಲಬುರಗಿ ಸೀಮೆಯಲ್ಲಿ ತೊಗರಿಗೆ ಬರವೇ? ಫೋಟೋ ಮುಗಿದ ಮೇಲೆ ತೊಗರಿ ವಾಪಸ್ ಡಬ್ಬಿಗೆ.

ಇನ್ನು ಗುಂಡಿ ಒತ್ತುವಾಗಲೂ ಕ್ಯಾಮೆರಾ ಅಲುಗಾಡ್ತದ. ಅದಕ್ಕೆ ಟೈಮರ್ ಇಡಬೇಕು. ಕ್ಯಾಮೆರಾ ಮೇಲೆ ಗಡಿಯಾರದಂಥ ಗುರುತು ಹುಡುಕಿರಿ. ಗುಂಡಿ ಒತ್ತಿ ಕೈ ತೆಗೆದ ಮೇಲೆ ಎರಡು ಅಥವಾ ಹತ್ತು ಸೆಕೆಂಡ್ ಬಿಟ್ಟು ಅದು ತಾನೇ ಫೋಟೋ ತೆಗೀತದ. ಮಿಂಚಿನ ಗುರುತಿಗೆ ಅಡ್ಡಗೆರೆ ಬಂದರೆ ಫ್ಲ್ಯಾಶ್ ಬಂದ್ ಆಯಿತು ಅಂತ ಅರ್ಥ. ಚಂದ್ರ, ಚಿಕ್ಕಿ ಇರುವ ಗುರುತು ರಾತ್ರಿ ಫೋಟೋಗೆ. ಪಟಾಕಿಯ ಗುರುತೂ ಇರ್ತದ. ಅದು ದೂರದ ದೀಪಗಳಿಗೆ ಒಳ್ಳೇದು, ಮನೆಯೊಳಗೆ ಬೇಡ. ಕೆಲವು ಕ್ಯಾಮೆರಾದಲ್ಲಿ ಎಷ್ಟು ಸೆಕೆಂಡ್ ಅಂತ ನಾವೇ ಆರಿಸಬಹುದು. ಅಂಕಿ ಓದುವಾಗ ಹುಷಾರ್. 1/4 ಅಂದರೆ ಒಂದು ಸೆಕೆಂಡಿನ ಕಾಲು ಭಾಗ. 4ರ ಪಕ್ಕ ಎರಡು ಸಣ್ಣ ಗೆರೆ ಇದ್ದರೆ ಪೂರಾ ನಾಲ್ಕು ಸೆಕೆಂಡ್. ಐಎಸ್‌ಒ ಅನ್ನೋ ಅಂಕಿ ಕಡಿಮೆ ಇಡಿರಿ, 100 ಇದ್ದರೆ ಸಾಕು. ಹೆಚ್ಚು ಮಾಡಿದರೆ ಫೋಟೋದ ತುಂಬ ಸಾಸಿವೆ ಚೆಲ್ಲಿದ ಹಾಗೆ ಚುಕ್ಕಿ ಬರ್ತಾವ.

ನಾವು ಎಂಟು ಸೆಕೆಂಡ್ ಇಟ್ಟೆವು. ಬಾಗಿಲ ಬೆಳಕು ಅಷ್ಟೇ ಇತ್ತು. ಸಾಲಲಿಲ್ಲ. ಆಗ ನಮ್ಮಲ್ಲಿ ಒಬ್ಬಳು ಬ್ಯಾಟರಿ ಹಚ್ಚಿದಳು. ಒಂದೇ ಕಡೆ ಹಿಡಿಯಲಿಲ್ಲ. ಕ್ಯಾಮೆರಾದ ಕಣ್ಣು ತೆರೆದಿರುವ ತನಕ, ನೆಲ ಸಾರಿಸುವ ಹಾಗೆ ಬೆಳಕನ್ನು ಗೋಡೆಯ ಮೇಲೆ ಆ ತುದಿಯಿಂದ ಈ ತುದಿಗೆ ಆಡಿಸಿದಳು. ಬ್ಯಾಟರಿಯ ಮುಖ ಕ್ಯಾಮೆರಾದ ಕಡೆ ತಿರುಗಬಾರದು. ತಿರುಗಿದರೆ ಬಿಳಿ ಗೀಟು ಬೀಳ್ತದ.

ಈ ಸಲ ಎಲ್ಲ ಬಂತು. ಬಿರುಕು, ಇಟ್ಟಿಗೆ, ಒದ್ದೆ ಚೀಲ, ಗೋಡೆಯ ಮೇಲೆ ನೀರು ನಿಂತ ಗೆರೆ. ಆದರೆ ಅಜ್ಜಿ ಇರಲಿಲ್ಲ! ಫೋಟೋ ತೆಗೆಯುವಾಗ ಆಕೆ ಆ ಕಡೆಯಿಂದ ಈ ಕಡೆಗೆ ನಡೆದು ಹೋಗಿದ್ದಳು. ಹೊಗೆಯಂಥದ್ದು ಬಿಟ್ಟರೆ ಏನೂ ಇಲ್ಲ. "ನಾ ಎಲ್ಲಿ ಹೋದೆ?" ಅಂತ ಗಾಬರಿ ಆದಳು.

ಇದು ಹೊಸದೇನಲ್ಲ. 1838ರಲ್ಲಿ ಪ್ಯಾರಿಸ್ ಪಟ್ಟಣದಲ್ಲಿ ಡಗೇರ್ ಅನ್ನುವವನು ಒಂದು ಬೀದಿಯ ಫೋಟೋ ತೆಗೆದ. ಆಗಿನ ಕ್ಯಾಮೆರಾಕ್ಕೆ ಹಲವು ನಿಮಿಷ ಬೇಕಾಗುತ್ತಿತ್ತು. ಬೀದಿಯಲ್ಲಿ ಜನ, ಗಾಡಿ ಓಡಾಡುತ್ತಿದ್ದವು. ಫೋಟೋದಲ್ಲಿ ಬೀದಿ ಖಾಲಿ. ಬೂಟಿಗೆ ಪಾಲಿಶ್ ಮಾಡಿಸಿಕೊಳ್ಳುತ್ತ ನಿಂತಿದ್ದ ಒಬ್ಬ ಉಳಿದ. ನಮ್ಮ ಸೀಮೆ ಆಗ ನಿಜಾಮರ ರಾಜ್ಯದಲ್ಲಿತ್ತು. ಆ ರಾಜ್ಯದ ಹೆಸರಾಂತ ಫೋಟೋಗಾರ ಲಾಲಾ ದೀನ್ ದಯಾಳ್ 1892ರಲ್ಲಿ ಹೈದರಾಬಾದಿನಲ್ಲಿ ಹೆಂಗಸರಿಗೇ ಬೇರೆ ಸ್ಟುಡಿಯೋ ತೆರೆದರು. ಅಲ್ಲಿ ಫೋಟೋ ತೆಗೆಯುವವಳೂ ಹೆಂಗಸೇ. ಪರದೆಯಲ್ಲಿ ಇರುವ ದೊಡ್ಡ ಮನೆತನದವರು ಅಲ್ಲಿಗೆ ಬರುತ್ತಿದ್ದರು. ಕೂಲಿ ಮಾಡುವವರ ಫೋಟೋ ಯಾರು ತೆಗೆದಾರು?

ನಾವು ಅಜ್ಜಿಯನ್ನು ಕಂಬಕ್ಕೆ ಒರಗಿಸಿ ಕೂಡಿಸಿದೆವು. ಒರಗಿ ಕೂತರೆ ಮೈ ಅಲುಗಾಡೋದಿಲ್ಲ. "ಎಂಟರ ತನಕ ಎಣಿಸೋಣ, ಅಲ್ಲಿ ತನಕ ಮಿಸುಕಬ್ಯಾಡ" ಅಂದೆವು. ಆಕೆ ಉಸಿರು ಬಿಗಿ ಹಿಡಿದು ಕೂತಳು. ಗೋಡೆಯೂ ಬಂತು, ಅಜ್ಜಿಯೂ ಬಂದಳು.

ಒಂದು ಮಾತು ಮರೀಬ್ಯಾಡ್ರಿ. ಬಿರುಕು ಬಿಟ್ಟ ಗೋಡೆಯ ಹತ್ತಿರ ಹೋಗಬಾರದು. ಫೋಟೋ ದೂರದಿಂದಲೂ ಬರ್ತದ.

ಕಷ್ಟಕ್ಕೆ ಮಾತ್ರ ಅಲ್ಲ, ಸಂತೋಷಕ್ಕೂ ಹೀಗೆ ಫೋಟೋ ತೆಗೀಬಹುದು. ಆಳಂದದ ಕಡೆಯಿಂದ ಬರುವ ಅಮರ್ಜಾ ಹೊಳೆ ಗಾಣಗಾಪುರದ ಹತ್ತಿರ ಭೀಮೆಯನ್ನು ಕೂಡ್ತದ. ಆ ಸಂಗಮದಲ್ಲಿ ರಾತ್ರಿ ದೀಪ ಬಿಟ್ಟರೆ, ತೇಲುವ ದೀಪ ಫೋಟೋದಲ್ಲಿ ಚಿನ್ನದ ಎಳೆಯಾಗಿ ಬರ್ತದ. ಜೇವರ್ಗಿ ರಸ್ತೆಯಲ್ಲಿ ಕಟ್ಟಿಸಂಗಾವಿ ಸೇತುವೆ ಇದೆ. ದೂರದ ದಂಡೆಯಿಂದ ತೆಗೆದರೆ ಲಾರಿ ಕಾಣೋದೇ ಇಲ್ಲ. ಮುಂದಿನ ದೀಪ ಬಿಳಿ ಗೆರೆ, ಹಿಂದಿನ ದೀಪ ಕೆಂಪು ಗೆರೆ. ಸೇತುವೆ ಮೇಲೆ ನಿಂತು ಮಾತ್ರ ತೆಗೀಬ್ಯಾಡ್ರಿ. ರಾತ್ರಿ ಒಬ್ಬರೇ ಹೋಗಬ್ಯಾಡ್ರಿ.

ಇಂಥ ಸಣ್ಣ ಕ್ಯಾಮೆರಾ ಈಗ ಅಂಗಡಿಯಲ್ಲಿ ಕಡಿಮೆ. ಮನೆಯ ಟ್ರಂಕಿನಲ್ಲಿ ಹಳೆಯದು ಇದ್ದರೆ ಬ್ಯಾಟರಿ ಚಾರ್ಜ್ ಮಾಡಿ ನೋಡಿರಿ. ಮೊಬೈಲಿನಲ್ಲೂ ಈಗ ರಾತ್ರಿ ಫೋಟೋದ ಗುರುತು ಬಂದಿದೆ. ಅದಕ್ಕೂ ತೊಗರಿ ಚೀಲ ಬೇಕೇ ಬೇಕು.

ಫೋಟೋ ಇದ್ದ ಮಾತ್ರಕ್ಕೆ ಪರಿಹಾರ ಬಂದೇ ಬರ್ತದ ಅಂತ ನಾವು ಹೇಳೋದಿಲ್ಲ. ಆದರೆ ಒಳಗಿನ ಗೋಡೆ ಬಿದ್ದಿಲ್ಲ ಅಂತ ಯಾರೂ ಅನ್ನಲಾರರು. ಎರಡು ಪ್ರತಿ ಮಾಡಿಸಿರಿ. ಒಂದು ಅರ್ಜಿಗೆ, ಒಂದು ಮನೆಗೆ. ಹಿಂದುಗಡೆ ಹೆಸರು, ಊರು, ತಾರೀಖು ಬರೆಯಿರಿ. ಅಜ್ಜಿಯ ಫೋಟೋದ ಹಿಂದೆ ನಾವು ಬರೆಯಲು ಹೋದೆವು. ಆಕೆ ಪೆನ್ನು ಕಸಿದುಕೊಂಡಳು. "ಊರು, ತಾರೀಖು ನೀವ್ ಬರೀರಿ. ಹೆಸರು ನಾ ಬರೀತೀನಿ" ಅಂದಳು.