ಲ್ಯಾಪ್‌ಟಾಪಿಗೆ ಎಷ್ಟು ಓರೆ ಬೇಕು?

ಕಳೆದ ಫೆಬ್ರವರಿಯಲ್ಲಿ ಐಟಿ ಮಾದರಿ ಪರೀಕ್ಷೆ ನಡೆಯುತ್ತಿದ್ದಾಗ ನಮ್ಮ ಮೂರನೆಯ ಸಾಲಿನ ಲ್ಯಾಪ್‌ಟಾಪೊಂದು ಏಕಾಏಕಿ ಆರಿಹೋಯಿತು. ಸೇವ್ ಮಾಡದಿದ್ದ ಉತ್ತರವೂ ಅದರೊಂದಿಗೇ ಹೋಯಿತು. ಕರೆಂಟು ಹೋಗಿರಲಿಲ್ಲ, ಬ್ಯಾಟರಿ ಮುಗಿದಿರಲಿಲ್ಲ. ಎತ್ತಿ ನೋಡಿದರೆ ತಳ ದೋಸೆ ಕಾವಲಿಯಂತೆ ಕಾದಿತ್ತು. ಅಂದಕ್ಕೆಂದು ನಾವೇ ಮೇಜಿಗೆ ಹಾಸಿದ್ದ ದಪ್ಪ ಬಟ್ಟೆ ಅದರ ಮೂಗನ್ನು ಮುಚ್ಚಿಬಿಟ್ಟಿತ್ತು.

ಓರೆಯಾಗಿ ಎತ್ತಿ ನಿಲ್ಲಿಸುವ ಸ್ಟ್ಯಾಂಡುಗಳನ್ನು ತರಿಸೋಣವೆಂದು ಕೆಲವರು ಸೂಚಿಸಿದರು. ಆದರೆ ಎಷ್ಟು ಓರೆಯದನ್ನು? ಅಂಗಡಿಯಲ್ಲಿ ಹಲವು ಬಗೆ, ಹಲವು ಬೆಲೆ. ಕೊಳ್ಳುವ ಮೊದಲು ವಿಷಯವನ್ನು ತಿಳಿದುಕೊಳ್ಳೋಣವೆಂದು ವಿಜ್ಞಾನ ಸಂಘದ ನಾವು ಕೆಲವರು ಕುಳಿತೆವು.

ಲ್ಯಾಪ್‌ಟಾಪಿನೊಳಗೆ ಎಲ್ಲಕ್ಕಿಂತ ಹೆಚ್ಚು ಕಾಯುವುದು ಪ್ರೊಸೆಸರ್ ಎಂಬ ಚಿಕ್ಕ ಬಿಲ್ಲೆ. ಸಾಧಾರಣ ಯಂತ್ರಗಳಲ್ಲಿ ಅದು ಸುಮಾರು ೧೫ ವಾಟ್ ಶಕ್ತಿಯನ್ನು ಶಾಖವಾಗಿ ಹೊರಬಿಡುತ್ತದೆ. ಹಳೆಯ ಜೀರೋ ಬಲ್ಬ್ ನುಂಗುತ್ತಿದ್ದದ್ದೂ ಹೆಚ್ಚುಕಡಿಮೆ ಅಷ್ಟೇ. ಉರಿಯುವ ಆ ಬಲ್ಬನ್ನು ಹಿಡಿದು ನೋಡಿದವರಿಗೆ ಇದರ ಅರ್ಥ ತಿಳಿದೀತು. ಬಿಲ್ಲೆಯ ಮೇಲೆ ಒಂದು ಚಪ್ಪಟೆ ತಾಮ್ರದ ಕೊಳವೆ ಇರುತ್ತದೆ. ಅದರೊಳಗಿನ ತುಸು ನೀರು ಬಿಸಿ ತುದಿಯಲ್ಲಿ ಆವಿಯಾಗಿ, ಇನ್ನೊಂದು ತುದಿಯಲ್ಲಿ ತಣಿದು ನೀರಾಗಿ, ದೀಪದ ಬತ್ತಿ ಎಣ್ಣೆ ಹೀರುವಂತೆ ಒಳಗೋಡೆಯ ಸಣ್ಣ ರಂಧ್ರಗಳ ಮೂಲಕ ಮರಳುತ್ತದೆ. ಹೀಗೆ ಸಾಗಿ ಬಂದ ಶಾಖ ತೆಳ್ಳನೆಯ ಲೋಹದ ಪದರುಗಳನ್ನು ಸೇರುತ್ತದೆ. ಪುಟ್ಟ ಫ್ಯಾನು ತಳದ ಜಾಲರಿಯಿಂದ ಗಾಳಿ ಎಳೆದು, ಆ ಪದರುಗಳ ನಡುವೆ ಊದಿ, ಹಿಂದಿನಿಂದಲೋ ಪಕ್ಕದಿಂದಲೋ ಹೊರಗಟ್ಟುತ್ತದೆ. ಗಾಳಿ ಸಾಲದಿದ್ದರೆ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಅನೇಕ ಯಂತ್ರಗಳಲ್ಲಿ ಈ ಮಿತಿ ಸುಮಾರು ೧೦೦ ಡಿಗ್ರಿ ಸೆಲ್ಸಿಯಸ್. ಆಗಲೂ ತಣಿಯದಿದ್ದರೆ ಯಂತ್ರ ಆರಿಹೋಗುತ್ತದೆ. ಅದು ಕೆಟ್ಟದ್ದಲ್ಲ, ತನ್ನನ್ನು ತಾನು ಕಾಪಾಡಿಕೊಂಡದ್ದು.

ಬಿಸಿಗಾಳಿ ಮೇಲೇರುತ್ತದೆ, ಆದ್ದರಿಂದ ಓರೆ ಹೆಚ್ಚಿದಷ್ಟೂ ತಂಪು ಹೆಚ್ಚೆಂದು ನಾವು ಮೊದಲು ಊಹಿಸಿದ್ದೆವು. ಊಹೆ ತಪ್ಪಿತು. ಫ್ಯಾನು ಬಲವಂತವಾಗಿ ಗಾಳಿ ಎಳೆಯುವಲ್ಲಿ ತಾನಾಗಿ ಮೇಲೇರುವ ಗಾಳಿಯ ಪಾಲು ಬಹಳ ಕಡಿಮೆ. ಮುಖ್ಯವಾದುದು ಜಾಲರಿಗೂ ಮೇಜಿಗೂ ನಡುವಿನ ಸಂದು.

ಇಲ್ಲಿ ಹತ್ತನೆಯ ತರಗತಿಯ ಗಣಿತವೇ ಸಾಕು. ನಮ್ಮ ಯಂತ್ರದ ಜಾಲರಿ ೫ ಸೆಂ.ಮೀ. ವ್ಯಾಸದ ವೃತ್ತ; ವಿಸ್ತೀರ್ಣ ಸುಮಾರು ೧೯.೬ ಚದರ ಸೆಂ.ಮೀ. ಆದರೆ ಗಾಳಿ ಅಲ್ಲಿಗೆ ತಲುಪಬೇಕಾದರೆ ಮೊದಲು ಸುತ್ತಲಿನ ಸಂದಿನಿಂದ ನುಸುಳಬೇಕು. ಆ ದಾರಿಯ ವಿಸ್ತೀರ್ಣವೆಂದರೆ ಪರಿಧಿ ೧೫.೭ ಸೆಂ.ಮೀ.ಯನ್ನು ಸಂದಿನ ಎತ್ತರದಿಂದ ಗುಣಿಸಿದಷ್ಟು. ರಬ್ಬರ್ ಕಾಲುಗಳು ಕೊಡುವ ಎತ್ತರ ೩ ಮಿ.ಮೀ. ಮಾತ್ರ, ದಾರಿ ೪.೭ ಚದರ ಸೆಂ.ಮೀ., ಅಂದರೆ ಜಾಲರಿಯ ಕಾಲುಭಾಗ! ಸಂದು ೧.೨೫ ಸೆಂ.ಮೀ. ಆದಾಗ ಎರಡೂ ಸಮವಾಗುತ್ತವೆ. ಅದಕ್ಕಿಂತ ಮುಂದೆ ಸಂದು ಹಿಗ್ಗಿದರೂ ಜಾಲರಿ ಹಿಗ್ಗುವುದಿಲ್ಲವಷ್ಟೆ.

ಈಗ ಓರೆಗೆ ಬರೋಣ. ಜಾಲರಿಯ ನಡು ಮುಂದಿನ ಅಂಚಿನಿಂದ ೧೮ ಸೆಂ.ಮೀ. ಹಿಂದೆ ಇದೆ. ೫ ಡಿಗ್ರಿಯ ಸೈನ್ ೦.೦೮೭, ೧೮ರಿಂದ ಗುಣಿಸಿದರೆ ಸುಮಾರು ೧.೬ ಸೆಂ.ಮೀ. ಅಷ್ಟಕ್ಕೇ ಕೆಲಸವಾಯಿತು! ೧೦ ಡಿಗ್ರಿಗೆ ೩.೧, ೨೦ ಡಿಗ್ರಿಗೆ ೬.೨ ಸೆಂ.ಮೀ. ಏರುತ್ತದೆ, ಆದರೆ ಲಾಭ ಆ ಲೆಕ್ಕದಲ್ಲಿ ಏರುವುದಿಲ್ಲ. ಹಿಂದಿನ ಎರಡು ಮೂಲೆಗಳ ಅಡಿಗೆ ೨ ಸೆಂ.ಮೀ. ದಪ್ಪದ ರೀಪಿನ ತುಂಡುಗಳನ್ನಿಟ್ಟು ನೋಡಿದೆವು. ಪರದೆಯಲ್ಲಿ ತೋರುವ ಉಷ್ಣತೆ ಇಳಿಯತೊಡಗಿತು, ಫ್ಯಾನಿನ ಗೋಳೂ ತಗ್ಗಿತು. ಅದರ ಮೇಲೆ ಪುಸ್ತಕ ಪೇರಿಸಿದಾಗ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲ. ಟೈಪು ಮಾಡುವವಳ ಮಣಿಕಟ್ಟು ಮಾತ್ರ ನೋಯತೊಡಗಿತು.

ಹಾಗಾದರೆ ಎತ್ತರದ ಸ್ಟ್ಯಾಂಡುಗಳು ಯಾತಕ್ಕೆ? ಪರದೆಯನ್ನು ಕಣ್ಣಿನ ಮಟ್ಟಕ್ಕೆ ತಂದು ಕತ್ತಿನ ನೋವು ತಪ್ಪಿಸುವುದಕ್ಕೆ. ಬೇರೆ ಕೀಲಿಮಣೆ ಜೋಡಿಸುವವರಿಗೆ ಅವು ಒಳ್ಳೆಯವೇ. ಬರೇ ತಂಪಿಗಾಗಿ ಅಷ್ಟು ಹಣ ಕೊಡಬೇಕಾಗಿಲ್ಲವೆಂದು ಹೆತ್ತವರಿಗೆ ನಮ್ಮ ಅರಿಕೆ.

ಮನೆಯಲ್ಲಿ ಹಾಸಿಗೆ, ದಿಂಬು, ಮಡಿಲು ಇವುಗಳ ಮೇಲೆ ಇಟ್ಟರೆ ಬಟ್ಟೆ ಜಾಲರಿಗೆ ಒತ್ತಿಕೊಳ್ಳುತ್ತದೆ. ಒಂದು ಮಣೆಯನ್ನಾದರೂ ಅಡಿಗಿಡಿ. ಹಿಂದಿನಿಂದ ಬಿಸಿಗಾಳಿ ಬಿಡುವ ಯಂತ್ರವನ್ನು ಗೋಡೆಗೆ ತಾಗಿಸಿದರೆ ಅದೇ ಗಾಳಿ ತಿರುಗಿ ಒಳಸೇರುತ್ತದೆ. ಒಂದು ಗೇಣು ಬಿಡಿ. ಕೆಲವು ಲ್ಯಾಪ್‌ಟಾಪುಗಳಲ್ಲಿ ಫ್ಯಾನೇ ಇಲ್ಲ. ಅವು ಮೈಯಿಂದಲೇ ಶಾಖ ಬಿಡುವುದರಿಂದ ತಳಕ್ಕೆ ಗಾಳಿ ತಗಲುವುದು ಅವಕ್ಕೂ ಹಿತ.

ಯಾವ ಓರೆಯೂ ಕೋಣೆಯ ಸೆಕೆಯನ್ನು ಇಳಿಸಲಾರದು. ಏಪ್ರಿಲಿನಲ್ಲಿ ಒಳಸೇರುವ ಗಾಳಿಯೇ ೩೫ ಡಿಗ್ರಿ ಇದ್ದರೆ ಒಳಗಿನ ಉಷ್ಣತೆಯೂ ಆ ಮಟ್ಟದಿಂದಲೇ ಮೇಲೇರುತ್ತದೆ. ಇಂತಹ ಕಾವಿನಲ್ಲಿ ಲಿಥಿಯಂ ಬ್ಯಾಟರಿಯೂ ಬೇಗನೆ ಮುದಿಯಾಗುತ್ತದೆ. ಇನ್ನು ಧೂಳು. ಮೂರನೆಯ ಸಾಲಿನ ಯಂತ್ರವನ್ನು ರಿಪೇರಿಯವರು ಬಿಚ್ಚಿದಾಗ ಲೋಹದ ಪದರುಗಳ ನಡುವೆ ಹತ್ತಿಯ ಪದರದಂತೆ ಧೂಳು ಕುಳಿತಿತ್ತು. ಬಟ್ಟೆಯದ್ದು ಅರ್ಧ ತಪ್ಪಾದರೆ ಉಳಿದರ್ಧ ಅದರದ್ದು. ಅದನ್ನು ತೆಗೆಸಿ, ಮೇಜಿನ ಬಟ್ಟೆ ಮಡಚಿಟ್ಟು, ರೀಪಿನ ತುಂಡುಗಳ ಮೇಲೆ ಕೂರಿಸಿದ ಆ ಯಂತ್ರ ಮಾರ್ಚಿನ ಪರೀಕ್ಷೆಯಲ್ಲಿ ಒಮ್ಮೆಯೂ ಆರಲಿಲ್ಲ.