ದಡಕ್ಕೆ ಬರುವ ಮೀನು ಗಡಿಯಾರ ನೋಡುವುದಿಲ್ಲ

ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲೂ ಅಮೆರಿಕದ ಮೇಯ್ನ್ ರಾಜ್ಯದ ಉತ್ತರ ಭಾಗದಲ್ಲೂ ಚಳಿಗಾಲವಿಡೀ ಸರೋವರಗಳನ್ನು ಮುಚ್ಚಿಕೊಂಡಿದ್ದ ಮಂಜುಗಡ್ಡೆ ಸಾಮಾನ್ಯವಾಗಿ ಏಪ್ರಿಲ್ ಕೊನೆಯಲ್ಲೋ ಮೇ ತಿಂಗಳಲ್ಲೋ ಬಿರಿದು ಕರಗುತ್ತದೆ. ಅದಕ್ಕೇ ಕಾದಿದ್ದವರು ನಸುಕಿನಲ್ಲೇ ಎದ್ದು ಗಾಳ ಹಿಡಿದು ದಡಕ್ಕೆ ಬರುತ್ತಾರೆ. ಬೇಸಿಗೆಯಲ್ಲಿ ದೋಣಿ ಹತ್ತಿ ಆಳಕ್ಕೆ ದಾರ ಇಳಿಬಿಟ್ಟರಷ್ಟೇ ಸಿಗುವ ಲೇಕ್ ಟ್ರೌಟ್ ಮೀನು ಈ ಕೆಲವು ವಾರ ದಡದಿಂದ ಎಸೆದ ಗಾಳಕ್ಕೂ ಬೀಳುತ್ತದೆ. ಇದರ ಕೀರ್ತಿಯನ್ನು ಒಬ್ಬರು ಎರೆಗೆ ಕೊಟ್ಟರೆ ಇನ್ನೊಬ್ಬರು ಬೆಳಗಿನ ಜಾವಕ್ಕೆ ಕೊಡುತ್ತಾರೆ. ಎರಡಕ್ಕೂ ಪಾಲುಂಟು, ದೊಡ್ಡ ಪಾಲು ಮಾತ್ರ ನೀರಿನದು. ನೀರು ಎಷ್ಟು ಕಾದಿದೆ ಎಂಬುದೇ ಆ ಮೀನಿಗೆ ದಡದ ಬಾಗಿಲು ತೆರೆಯುತ್ತದೆ, ಮುಚ್ಚುತ್ತದೆ. ಬಾಗಿಲು ಎಷ್ಟು ದಿನ ತೆರೆದಿತ್ತು ಎಂಬುದರ ಮೇಲೆ ಮೀನಿನ ಆ ವರ್ಷದ ಬೆಳವಣಿಗೆ ನಿಂತಿದೆ.

ಗಟ್ಟಿ ತುಪ್ಪವನ್ನು ಕರಗಿದ ತುಪ್ಪಕ್ಕೆ ಹಾಕಿದರೆ ತಳ ಸೇರುತ್ತದೆ. ಹೆಚ್ಚಿನ ವಸ್ತುಗಳ ರೀತಿ ಅದೇ: ತಣಿದಷ್ಟೂ ಕುಗ್ಗಿ ಸಾಂದ್ರವಾಗುತ್ತವೆ. ನೀರು 4 ಡಿಗ್ರಿ ಸೆಲ್ಸಿಯಸ್‌ವರೆಗೆ ಈ ನಿಯಮ ಪಾಲಿಸಿ, ಅಲ್ಲಿಂದ ಕೆಳಗೆ ದಾರಿ ಬದಲಿಸುತ್ತದೆ. 4ರಿಂದ ಸೊನ್ನೆಗೆ ಇಳಿಯುವಾಗ ಹಿಗ್ಗಿ ಹಗುರಾಗುತ್ತದೆ, ಗಡ್ಡೆಯಾದ ಮೇಲೆ ತೇಲುತ್ತದೆ. ಹೀಗಾಗಿ ಚಳಿಗಾಲದ ಸರೋವರದಲ್ಲಿ ಮೇಲೆ ಗಡ್ಡೆ, ಅದರಡಿ ಸೊನ್ನೆಯ ಹತ್ತಿರದ ನೀರು, ತಳದಲ್ಲಿ 4 ಡಿಗ್ರಿಯ ಆಸುಪಾಸಿನ ನೀರು. ಗಡ್ಡೆ ಕರಗಿ, ಬಿಸಿಲಿಗೆ ಮೇಲ್ನೀರೂ 4 ಡಿಗ್ರಿ ಮುಟ್ಟಿದಾಗ ಮೇಲು ಕೆಳಗಿನ ಸಾಂದ್ರತೆ ಸಮವಾಗುತ್ತದೆ. ಆಗ ಬೀಸಿದ ಗಾಳಿ ಇಡೀ ಸರೋವರವನ್ನು ಮಜ್ಜಿಗೆಯಂತೆ ಕಡೆಯಬಲ್ಲದು: ಆಮ್ಲಜನಕ ತಳಕ್ಕಿಳಿಯುತ್ತದೆ, ತಳದ ಪೋಷಕಾಂಶ ಮೇಲೇರುತ್ತದೆ. ಬಿಸಿಲು ಬಲಿತಂತೆ ಮೇಲಿನ ನೀರು ಕಾದು ಹಗುರಾಗಿ ಬೇರೆ ಪದರವಾಗುತ್ತದೆ. ಅದಕ್ಕೂ ತಣ್ಣನೆಯ ಅಡಿನೀರಿಗೂ ನಡುವೆ, ಕೆಲವೇ ಮೀಟರ್‌ಗಳಲ್ಲಿ ತಾಪ ದಿಢೀರನೆ ಇಳಿಯುವ ಪದರವನ್ನು ಥರ್ಮೋಕ್ಲೈನ್ ಎನ್ನುತ್ತಾರೆ. ಹೆಸರಿಟ್ಟವರು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಸರೋವರಗಳನ್ನು ಅಭ್ಯಸಿಸಿದ ಎಡ್ವರ್ಡ್ ಬರ್ಜ್.

ಮೀನಿನ ಮೈ ಬಿಸಿ ಸುತ್ತಲಿನ ನೀರಿನದೇ. ಲೇಕ್ ಟ್ರೌಟ್‌ಗೆ 10 ಡಿಗ್ರಿ ಸುತ್ತಮುತ್ತಲಿನ ನೀರು ಒಗ್ಗುತ್ತದೆ. 15 ದಾಟಿದರೆ ಅಲ್ಲಿಂದ ಸರಿದುಹೋಗುತ್ತದೆ. ನೀರು ಕಾದಷ್ಟೂ ಮೈಗೆ ಬೇಕಾಗುವ ಆಮ್ಲಜನಕ ಏರುತ್ತದೆ, ನೀರು ಹಿಡಿದಿಟ್ಟುಕೊಳ್ಳಬಲ್ಲ ಆಮ್ಲಜನಕ ಇಳಿಯುತ್ತದೆ. 10 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಸುಮಾರು 11 ಮಿಲಿಗ್ರಾಂ ಕರಗಿದರೆ, 25 ಡಿಗ್ರಿಯ ನೀರಿನಲ್ಲಿ 8ಕ್ಕಿಂತ ತುಸು ಹೆಚ್ಚು ಅಷ್ಟೆ. ಜಾತಿ ಬೇರೆಯಾದರೂ ಟ್ರೌಟ್ ಬಳಗಕ್ಕೆಲ್ಲ ತಂಪಿನ ಈ ಕಟ್ಟುಪಾಡು ಇದೆ. ಬ್ರಿಟಿಷರು ತಂದು ಬಿಟ್ಟ ಟ್ರೌಟ್ ನೀಲಗಿರಿಯ ಅವಲಾಂಚಿಯಲ್ಲಿ ನೆಲೆಯೂರಿದ್ದು ಸುಮಾರು ಎರಡು ಸಾವಿರ ಮೀಟರ್ ಎತ್ತರದ ತಂಪಿನಿಂದ; ನಮ್ಮ ಬಯಲುಸೀಮೆಯ ಕೆರೆಗಳಲ್ಲಿ ಅದಕ್ಕೆ ಜಾಗವಿಲ್ಲ.

ಇಲ್ಲೊಂದು ಆಕ್ಷೇಪ ಬರಬಹುದು: ಮೀನು ಬರುವುದು ಹೊಟ್ಟೆಪಾಡಿಗೆ, ತಾಪ ನೆಪವಷ್ಟೆ. ದಡದ ಕಲ್ಲುಸಂದಿಗಳಲ್ಲಿ ಹುಳು ಹುಪ್ಪಟೆ, ಸಣ್ಣ ಮೀನು ಸಿಗುವುದು ನಿಜ. ಆದರೆ ಜುಲೈನಲ್ಲೂ ಅಲ್ಲಿ ಊಟ ಬೇಕಾದಷ್ಟಿರುತ್ತದೆ, ಟ್ರೌಟ್ ಮಾತ್ರ ಇರುವುದಿಲ್ಲ. ಊಟ ಅದನ್ನು ಕರೆಯುತ್ತದೆ, ಒಳಗೆ ಬಿಡುವುದು ತಾಪ. ಬೆಳಗಿನ ಜಾವದ ವಾದಕ್ಕೂ ಇದೇ ಲೆಕ್ಕ. ಗಡ್ಡೆ ಕರಗಿದ ಮೊದಲ ದಿನಗಳಲ್ಲಿ ನಸುಕಿನ ನೀರೇ ಅತಿ ತಣ್ಣಗಿನದು, ಮೀನು ಜಡವಾಗಿರುತ್ತದೆ. ಕಪ್ಪು ಕೆಸರಿನ ಒಂದು ಮೂಲೆ ಮಧ್ಯಾಹ್ನದ ಬಿಸಿಲಿಗೆ ಒಂದೆರಡು ಡಿಗ್ರಿ ಏರಿದಾಗ ಚುರುಕಾಗುತ್ತದೆ. ಕೆಲವು ವಾರ ಕಳೆದು ದಡದ ನೀರು 15ರ ಹತ್ತಿರ ಬಂದಾಗ ನಸುಕೇ ತಂಪಿನ ಹೊತ್ತು. ಆಗ ಬೇಗ ಎದ್ದವರದೇ ಗೆಲುವು. ಮಂದ ಬೆಳಕಿನಲ್ಲಿ ಬೇಟೆ ಸಲೀಸು ಎಂಬುದನ್ನೂ ಒಪ್ಪೋಣ. ಆದರೂ ಬೆಳಕು ನಿರ್ಧರಿಸುವುದು ದಿನದ ಗಳಿಗೆಯನ್ನು. ಋತುವನ್ನು ನಿರ್ಧರಿಸುವುದು ತಾಪ.

ಇದು ಬರೀ ತರ್ಕವಲ್ಲ. ಇಡೀ ಸರೋವರಗಳನ್ನೇ ಪ್ರಯೋಗಾಲಯವಾಗಿಸಲೆಂದು 1968ರಲ್ಲಿ ವಾಯವ್ಯ ಒಂಟಾರಿಯೊದಲ್ಲಿ ಎಕ್ಸ್‌ಪೆರಿಮೆಂಟಲ್ ಲೇಕ್ಸ್ ಏರಿಯಾ ಆರಂಭವಾಯಿತು. ಅಲ್ಲಿನ ಒಂದು ಪುಟ್ಟ ಸರೋವರದ ಲೇಕ್ ಟ್ರೌಟ್‌ಗಳಿಗೆ ಶಬ್ದಸಂಕೇತ ಹೊರಡಿಸುವ ಸಾಧನ ಅಳವಡಿಸಿ 11 ವರ್ಷ ಹಿಂಬಾಲಿಸಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ವಸಂತ ಗಿಡ್ಡವಾಗಿ ಬೇಸಿಗೆ ಉದ್ದವಾದ ವರ್ಷಗಳಲ್ಲಿ ಮೀನುಗಳಿಗೆ ದಡದ ಊಟ ಕಡಿಮೆ ಸಿಕ್ಕಿತು, ಬೆಳವಣಿಗೆಯೂ ಮೈಕಟ್ಟೂ ಕುಗ್ಗಿದವು. ಬೇಸಿಗೆಯಲ್ಲೂ ಟ್ರೌಟ್ ದಡಕ್ಕೆ ಬರುವುದುಂಟಲ್ಲ ಎಂದರೆ, ಹೌದು, ಬಂದು ಹೋಗುತ್ತದೆ. ಅದು ಉಸಿರು ಬಿಗಿಹಿಡಿದು ಮುಳುಗು ಹಾಕಿದ ಹಾಗೆ. ತುತ್ತು ಹಿಡಿದು ತಂಪಿಗೆ ಮರಳಲೇಬೇಕು.

ಹಾಗಾದರೆ ಭೂಮಿ ಬಿಸಿಯಾಗಿ ಗಡ್ಡೆ ಬೇಗ ಕರಗಿದರೆ ಟ್ರೌಟ್‌ಗೆ ಲಾಭವೇ ಅಲ್ಲವೇ? ಅಮೆರಿಕದ ನ್ಯೂ ಇಂಗ್ಲೆಂಡ್ ಪ್ರದೇಶದ ಸರೋವರಗಳಲ್ಲಿ 1850ರಿಂದ 2000ರ ನಡುವೆ ಗಡ್ಡೆ ಕರಗುವ ದಿನ ಉತ್ತರದ ಹಾಗೂ ಬೆಟ್ಟಸೀಮೆಯ ಭಾಗದಲ್ಲಿ ಸುಮಾರು 9 ದಿನ, ದಕ್ಷಿಣದಲ್ಲಿ 16 ದಿನ ಮುಂಚಿತವಾಗಿದೆ. ಆದರೆ ಬಾಗಿಲಿಗೆ ತೆರೆಯುವ ಗಳಿಗೆಯಷ್ಟೇ ಅಲ್ಲ, ಮುಚ್ಚುವ ಗಳಿಗೆಯೂ ಇದೆ. ಒಂದು ವಾರ ಮುಂಚೆ ತೆರೆದು ಎರಡು ವಾರ ಮುಂಚೆ ಮುಚ್ಚಿದರೆ ಮೀನಿಗೆ ನಷ್ಟವೇ. ಆ ಸೀಮೆಯವರು ತಲೆಮಾರುಗಳಿಂದ ಗಡ್ಡೆ ಕರಗಿದ ತಾರೀಖನ್ನು ಬರೆದಿಟ್ಟಿದ್ದರಿಂದಲೇ ಇಂದು ಈ ಲೆಕ್ಕ ಸಾಧ್ಯವಾಗಿದೆ. ಅದರ ಪಕ್ಕದಲ್ಲಿ ಇನ್ನೊಂದು ತಾರೀಖೂ ಬೇಕು: ದಡದ ನೀರು 15 ಡಿಗ್ರಿ ದಾಟಿದ ದಿನದ್ದು. ಗಾಳದ ಚೀಲದಲ್ಲಿ ಒಂದು ಥರ್ಮಾಮೀಟರ್ ಇದ್ದರೆ ಸಾಕು. ಆ ಎರಡು ತಾರೀಖುಗಳ ನಡುವಿನ ಅಂತರವೇ ಟ್ರೌಟ್ ಪಾಲಿನ ವಸಂತ.