ಮೈದಡವುವ ಕೈ

ಹುನಗುಂದದ ಎರೆಭೂಮಿಯಲ್ಲಿ ಸಂಜೆ ನೊಗ ಇಳಿಸಿದ ರೈತನ ಕೈ ಮೊದಲು ಹೋಗುವುದು ಎತ್ತಿನ ಗಂಗೆದೊಗಲಿಗೆ. ಅಲ್ಲಿ ಮೆಲ್ಲಗೆ ಸವರಿದನೆಂದರೆ ಎತ್ತು ಕತ್ತು ಚಾಚುತ್ತದೆ, ಕಿವಿ ಜೋಲುಬಿಡುತ್ತದೆ, ಕಣ್ಣು ಅರೆಮುಚ್ಚುತ್ತದೆ. ದನಗಳು ಒಂದನ್ನೊಂದು ನೆಕ್ಕುವಾಗಲೂ ಬಹುಮಟ್ಟಿಗೆ ಒಲಿಯುವುದು ತಲೆ ಕೊರಳುಗಳ ಭಾಗಕ್ಕೇ. ಕೊರಳ ಕೆಳಗೆ ಸವರಿದಾಗ ಅವು ಹಿತಗೊಳ್ಳುವುದನ್ನು ಪಶುವಿಜ್ಞಾನಿಗಳು ಅಳೆದು ಕಂಡಿದ್ದಾರೆ. ರೈತನ ಬೆರಳುಗಳು ಅದನ್ನು ಅಳತೆಯಿಲ್ಲದೆಯೇ ಅರಿತಿದ್ದವು.

ಆದರೆ ಎಲ್ಲ ಪ್ರಾಣಿಗಳೂ ಎಲ್ಲರ ಕೈಯನ್ನು ಸಹಿಸವು. ಬಾಗಲಕೋಟೆ ಜಿಲ್ಲೆಯದೇ ಆದ ಮುಧೋಳ ನಾಯಿಯನ್ನು ನೋಡಿರಿ. 2005ರಲ್ಲಿ ಅಂಚೆಚೀಟಿಯ ಮೇಲೆ ಮೂಡಿದ ಈ ಬೇಟೆನಾಯಿ ಅಪರಿಚಿತರ ಸ್ಪರ್ಶವನ್ನು ಒಲ್ಲದು. ಮೇಲಿನಿಂದ ತಲೆಯತ್ತ ಚಾಚಿದ ಕೈ ಅದಕ್ಕೆ ಬೆದರಿಕೆಯಾಗಿ ತೋರುತ್ತದೆ. ಪಕ್ಕದಲ್ಲಿ ಕುಳಿತು, ಅದು ತಾನಾಗಿ ಬಂದು ಮೂಸುವವರೆಗೆ ಕಾದು, ಬಳಿಕ ಎದೆಯನ್ನೋ ಭುಜವನ್ನೋ ನಿಧಾನವಾಗಿ ಸವರಬೇಕು. ನಡುನಡುವೆ ಕೈ ತೆಗೆದು ನೋಡಬೇಕು. ಮತ್ತೆ ಒತ್ತಿ ಬಂದರೆ ಒಪ್ಪಿಗೆಯೆಂದು ತಿಳಿಯಬೇಕು. ಮುಖ ತಿರುಗಿಸಿದರೆ ಅಲ್ಲಿಗೆ ಬಿಡಬೇಕು.

ಕಾರಹುಣ್ಣಿಮೆಗೆ ಬಾದಾಮಿ, ಇಳಕಲ್ಲುಗಳ ಸುತ್ತಿನ ಹಳ್ಳಿಗಳಲ್ಲಿ ಎತ್ತುಗಳ ಮೈ ತೊಳೆದು ಕೋಡಿಗೆ ಬಣ್ಣ ಬಳಿಯುತ್ತಾರೆ. ಹದಿನೈದು ದಿನ ಕಳೆದರೆ ಮಣ್ಣೆತ್ತಿನ ಅಮಾವಾಸ್ಯೆ. ಟ್ರ್ಯಾಕ್ಟರು ಬಂದ ಮೇಲೆ ಅನೇಕ ಕೊಟ್ಟಿಗೆಗಳು ಬರಿದಾಗಿವೆ; ಆ ಮನೆಗಳ ಮಕ್ಕಳ ಕೈಗೆ ಇಂದು ಸಿಗುವುದು ಮಣ್ಣಿನ ಎತ್ತು ಮಾತ್ರ. ಯಂತ್ರವು ಹೊಲವನ್ನೇನೋ ಉತ್ತೀತು. ಮೂಕಜೀವದ ಇಚ್ಛೆಯನ್ನರಿತು ಮುಟ್ಟುವ ವಿನಯವನ್ನು ಆ ಎಳೆಯ ಬೆರಳುಗಳಿಗೆ ಕಲಿಸುವವರಾರು?